ಸಂಘ ಯಾರ ಸೊತ್ತು?

ಖಾನಾಪುರ ತಾಲ್ಲೂಕಿನ ದಟ್ಟಡವಿ ಪಶ್ಚಿಮಕ್ಕೆ ಮುಗಿಯುವಲ್ಲಿ ಗೋವೆಯ ಸೀಮೆ ಮೊದಲಾಗುತ್ತದೆ. ಆ ರಾಜ್ಯದ ಒಟ್ಟು ವಿಸ್ತೀರ್ಣ 3,702 ಚದರ ಕಿಲೋಮೀಟರು. ಬೆಳಗಾವಿ ಜಿಲ್ಲೆಯೊಂದರದೇ 13,000ಕ್ಕೆ ಮಿಕ್ಕಿದೆ. 2011ರ ಜನಗಣತಿಯಂತೆ ಗೋವೆಯ ಜನಸಂಖ್ಯೆ 15 ಲಕ್ಷವನ್ನು ಮುಟ್ಟಿರಲಿಲ್ಲ. ಬೆಳಗಾವಿ ಜಿಲ್ಲೆಯದು 47 ಲಕ್ಷವನ್ನು ದಾಟಿತ್ತು. ಹೀಗಿದ್ದರೂ 2006-07ರಿಂದ 2012-13ರವರೆಗೆ ಸತತವಾಗಿ ಏಳು ಋತುಗಳಲ್ಲಿ ಭಾರತದ ಕಾಲ್ಚೆಂಡಿನ ರಾಷ್ಟ್ರೀಯ ಲೀಗ್ ಪ್ರಶಸ್ತಿಯು ಆ ಪುಟ್ಟ ನಾಡಿನ ಡೆಂಪೊ, ಚರ್ಚಿಲ್ ಬ್ರದರ್ಸ್, ಸಾಳಗಾವ್ಕರ್ ಎಂಬ ಮೂರು ಸಂಘಗಳಲ್ಲಿ ಒಂದಕ್ಕಲ್ಲದೆ ಅನ್ಯರಿಗೆ ಸಲ್ಲಲಿಲ್ಲ. ಬೆಳಗಾವಿಯ ನಗರವಾಸಿಗೆ ಇದು ದೂರದೇಶದ ವಾರ್ತೆಯಲ್ಲ. ಬೆಂಗಳೂರು ಇಲ್ಲಿಂದ ಸುಮಾರು 500 ಕಿಲೋಮೀಟರು. ಚೋರ್ಲಾ ಘಟ್ಟವನ್ನಿಳಿದು ಹೋದರೆ ಪಣಜಿ ಅದರ ಮೂರರಲ್ಲೊಂದು ಪಾಲೂ ಇಲ್ಲ. ಇಷ್ಟು ಸಮೀಪದಲ್ಲಿ ವೃತ್ತಿಪರ ಕಾಲ್ಚೆಂಡಿನ ಸಂಘಗಳು ಹುಟ್ಟಿ, ಬೆಳೆದು, ದೇಶದ ಅಗ್ರಸ್ಥಾನಕ್ಕೇರಿ, ಕಣ್ಣೆದುರಿಗೇ ಹಿಂದೆ ಸರಿದ ಇತಿಹಾಸವನ್ನು ನೋಡಿದಾಗ ಒಂದು ಸಾಮಾನ್ಯ ಪ್ರಶ್ನೆ ಏಳುತ್ತದೆ: ಸಣ್ಣ ನಾಡೊಂದರ ಕ್ರೀಡಾಸಂಘವು ಯಾರ ಸೊತ್ತಾಗಿದ್ದರೆ ಬಾಳೀತು?

ಅಲ್ಪ ಪ್ರದೇಶವಾಗಿದ್ದರೂ ಗೋವೆ ಇಷ್ಟನ್ನು ಸಾಧಿಸಿತೆಂದು ಹೇಳುವುದು ವಾಡಿಕೆ. ಅಲ್ಪ ಪ್ರದೇಶವಾದುದರಿಂದಲೇ ಸಾಧಿಸಿತೆಂದು ನನ್ನ ಮತ. 1883ರಲ್ಲಿ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ ಬಾರ್ದೇಶದ ಶಿವೋಲಿಯಲ್ಲಿ ಈ ಆಟವನ್ನು ವಿದ್ಯಾಭ್ಯಾಸದ ಅಂಗವಾಗಿ ಪ್ರಚಾರಕ್ಕೆ ತಂದನೆಂದು ಚರಿತ್ರಕಾರರು ಬರೆಯುತ್ತಾರೆ. ಅಲ್ಲಿಂದ ಮುಂದೆ ಅದು ಹಬ್ಬಿದ ದಾರಿ ರಾಜಮಾರ್ಗವಲ್ಲ, ಗದ್ದೆಯ ಬದು. ಭತ್ತದ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದ ಗದ್ದೆಯಲ್ಲಿ, ಬದುವನ್ನೇ ಅಡ್ಡಗೆರೆಯೆಂದು ಒಪ್ಪಿಕೊಂಡು, ಎರಡು ಬಿದಿರ ಗಳುಗಳ ನಡುವೆ ಚೆಂಡನ್ನು ತೂರಿಸುವ ಹುಡುಗರು ವಾಡೆಯಿಂದ ವಾಡೆಗೆ, ಊರಿನಿಂದ ಊರಿಗೆ ಸ್ಪರ್ಧೆ ಹೂಡಿದರು. ಕೂಳೆ ಚುಚ್ಚುವ ಒರಟು ನೆಲದಲ್ಲಿ ಚೆಂಡು ಎತ್ತ ನೆಗೆಯುವುದೆಂದು ಮೊದಲೇ ಹೇಳಲಾಗದು; ಅಂಥಲ್ಲಿ ಅದನ್ನು ಕಾಲಿಗೆ ಅಂಟಿಸಿಕೊಂಡು ಓಡಲು ಕಲಿತವನಿಗೆ ಹಸುರು ಹಾಸಿದ ಮೈದಾನ ಸುಲಭವಾಗುತ್ತದೆ. ಊರುಗಳು ಒತ್ತಿನಲ್ಲಿರುವುದರಿಂದ ಎದುರಾಳಿಯೂ ಪರಿಚಿತ, ಪ್ರೇಕ್ಷಕನೂ ಪರಿಚಿತ. ಗೆದ್ದ ತಂಡದ ಮುಂಚೂಣಿಯ ಆಟಗಾರ ಮರುದಿನ ಮೀನುಪೇಟೆಯಲ್ಲಿ ಎದುರಿಗೆ ಸಿಗುವವನು. ವಿಸ್ತಾರವಾದ ಪ್ರಾಂತದಲ್ಲಿ ಬಹು ಪ್ರಯತ್ನದಿಂದ ನಿರ್ಮಿಸಬೇಕಾದ ಅಭಿಮಾನ ಅಲ್ಲಿ ನೆರೆಹೊರೆಯ ಸಹಜಧರ್ಮವಾಗಿತ್ತು.

ಈ ಫಲವತ್ತಾದ ನೆಲದ ಮೇಲೆ ಗಣಿಯ ಧನ ಬಂದು ಬಿದ್ದಿತು. ಕಬ್ಬಿಣದ ಅದುರನ್ನು ಹೊರದೇಶಗಳಿಗೆ ಸಾಗಿಸಿ ಸಂಪನ್ನರಾದ ಮನೆತನಗಳು ಕಾಲ್ಚೆಂಡಿಗೆ ಆಶ್ರಯವಿತ್ತವು. 1956ರಲ್ಲಿ ಸಾಳಗಾವ್ಕರ್ ಸಂಘ ಸ್ಥಾಪಿತವಾಯಿತು. ಅನಂತರದ ದಶಕದಲ್ಲಿ ಡೆಂಪೊ ಮನೆತನದ ಹೆಸರು ಮೈದಾನಕ್ಕಿಳಿಯಿತು. ಈ ಆಶ್ರಯದಾತರನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು. ಗದ್ದೆಯ ಹುಡುಗನಿಗೆ ಪಾದರಕ್ಷೆಯನ್ನೂ ತರಬೇತಿಯನ್ನೂ ತಿಂಗಳ ಸಂಬಳವನ್ನೂ ಕೊಟ್ಟು, ಆಟವೇ ಜೀವನೋಪಾಯವಾಗಬಲ್ಲದೆಂಬ ಧೈರ್ಯವನ್ನು ಅವನ ತಂದೆತಾಯಿಗಳಲ್ಲಿ ತುಂಬಿದವರು ಅವರು. 1988ರಲ್ಲಿ ಸಾಳಗಾವ್ಕರ್ ತಂಡ ಫೆಡರೇಷನ್ ಕಪ್ಪನ್ನು ಗೆದ್ದು ಮರುವರ್ಷವೂ ಉಳಿಸಿಕೊಂಡಿತು. ಗೋಲ್‌ಕೀಪರ್ ಬ್ರಹ್ಮಾನಂದ ಸಂಖವಾಳ್ಕರ್ ಭಾರತ ತಂಡದ ನಾಯಕತ್ವವನ್ನು ವಹಿಸಿದರು. ಅರ್ಮಾಂದೊ ಕೊಲಾಸೊ ಅವರ ಶಿಕ್ಷಣದಲ್ಲಿ ಡೆಂಪೊ ಐದು ಬಾರಿ ದೇಶದ ಚಾಂಪಿಯನ್ ಆಯಿತು. 2008ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಉಪಾಂತ್ಯವನ್ನು ತಲುಪಿತು.

ಆದರೆ ಆಶ್ರಯವೆಂಬುದು ಎಷ್ಟೇ ಉದಾರವಾಗಿದ್ದರೂ ಆಶ್ರಯದಾತನ ಸ್ಥಿತಿಗತಿಗೂ ಮನೋಧರ್ಮಕ್ಕೂ ಅಧೀನವಾದುದು. 2012ರಲ್ಲಿ ನ್ಯಾಯಾಲಯದ ಆಜ್ಞೆಯಿಂದ ಗೋವೆಯ ಗಣಿಗಾರಿಕೆ ನಿಂತಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಎಂಬ ಹೊಸ ವ್ಯವಸ್ಥೆ ಹುಟ್ಟಿ, ಹಳೆಯ ಲೀಗು ಕ್ರಮೇಣ ಎರಡನೆಯ ಪಂಕ್ತಿಗೆ ಸರಿಯುವ ಸೂಚನೆಗಳು ಸ್ಪಷ್ಟವಾದವು. 2016ರಲ್ಲಿ ಡೆಂಪೊ, ಸಾಳಗಾವ್ಕರ್, ಸ್ಪೋರ್ಟಿಂಗ್ ಕ್ಲೂಬ್ ದ ಗೋವಾ ಎಂಬ ಮೂರು ಸಂಘಗಳು ಪ್ರತಿಭಟಿಸಿ ರಾಷ್ಟ್ರೀಯ ಲೀಗನ್ನು ತ್ಯಜಿಸಿದವು. ಆ ಪ್ರತಿಭಟನೆಯಲ್ಲಿ ನ್ಯಾಯವಿತ್ತೆಂದೇ ನಾನು ತಿಳಿಯುತ್ತೇನೆ. ಆದರೂ ಆ ನಿರ್ಣಯವನ್ನು ತೆಗೆದುಕೊಂಡವರು ಸಂಘಗಳ ಮಾಲೀಕರು. ದಶಕಗಳ ಕಾಲ ಫತೋರ್ಡಾದ ಕ್ರೀಡಾಂಗಣದಲ್ಲಿ ಕುಳಿತು ಕೂಗಿದವನ ಕೈಯಲ್ಲಿ ಮತವೊಂದೂ ಇರಲಿಲ್ಲ. ಇದು ಗೋವೆಗೆ ಮಾತ್ರ ಬಂದ ವಿಪತ್ತಲ್ಲ. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ಪಂಜಾಬಿನ ಜೆ.ಸಿ.ಟಿ. ಗಿರಣಿಯ ತಂಡ 2011ರಲ್ಲಿ ವಿಸರ್ಜಿತವಾಯಿತು. 2005-06ರ ವಿಜೇತರಾದ ಮುಂಬಯಿಯ ಮಹೀಂದ್ರಾ ಯುನೈಟೆಡ್ 2010ರಲ್ಲಿಯೇ ಬಾಗಿಲು ಮುಚ್ಚಿತ್ತು. ನಮ್ಮ ಬೆಂಗಳೂರಿನಲ್ಲಿಯೂ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳ ತಂಡಗಳಿಗೆ ಒಂದು ವೈಭವದ ಕಾಲವಿತ್ತು. ಕಂಪನಿಯ ಲೆಕ್ಕಪುಸ್ತಕದಲ್ಲಿ ತಂಡವೆಂಬುದು ವೆಚ್ಚದ ಪಟ್ಟಿಯ ಒಂದು ಸಾಲು. ಆ ಸಾಲಿನ ಮೇಲೆ ಗೆರೆಯೆಳೆಯಲು ಒಂದು ಸಭೆ ಸಾಕಾಗುತ್ತದೆ.

ಈಗ ಬೆಳಗಾವಿಯ ವಿಚಾರ. ಕಾಲ್ಚೆಂಡು ಇಲ್ಲಿಗೆ ಅಪರಿಚಿತವಾದ ಆಟವಲ್ಲ. ದಂಡುಪ್ರದೇಶದ ಬ್ರಿಟಿಷ್ ಸೈನಿಕರು, 1856ರಲ್ಲಿ ಸ್ಥಾಪಿತವಾದ ಸೇಂಟ್ ಪಾಲ್ಸ್ ಶಾಲೆ, 1922ರಿಂದ ಇಲ್ಲಿಯೇ ನೆಲೆಸಿರುವ ಮರಾಠಾ ಲಘು ಪದಾತಿದಳದ ಕೇಂದ್ರ, ಇವೆಲ್ಲ ಕ್ಯಾಂಪಿನ ಆಸುಪಾಸಿನಲ್ಲಿ ಈ ಆಟಕ್ಕೆ ಬೇಕಾದ ಶಿಸ್ತನ್ನೂ ಬಯಲನ್ನೂ ಒದಗಿಸಿದುವು. ಟಿಳಕವಾಡಿಯ ಲೇಲೆ ಮೈದಾನದಲ್ಲಿ ಪಂದ್ಯಾವಳಿಗಳು ನಡೆಯುತ್ತವೆ, ಜನ ಸೇರುತ್ತಾರೆ. ಖಾನಾಪುರದ ಮಳೆಯೂ ಭತ್ತದ ಗದ್ದೆಯೂ ಘಟ್ಟದ ಕೆಳಗಿನವಕ್ಕೆ ಒಡಹುಟ್ಟುಗಳು. ಹಾಗಿದ್ದೂ ಗೋವೆಯದಕ್ಕೆ ಸರಿದೊರೆಯಾದ ವೃತ್ತಿಪರ ಸಂಘವೊಂದು ಇಲ್ಲಿ ಬೇರೂರಲಿಲ್ಲ. ಅಂತಹ ಗಣಿಯ ಮನೆತನ ಇಲ್ಲಿರಲಿಲ್ಲವೆಂಬುದು ಒಂದು ಕಾರಣವೇ ಸರಿ. ಅದಕ್ಕಿಂತ ಆಳವಾದ ಕಾರಣವೊಂದಿದೆಯೆಂದು ನನಗೆ ತೋರುತ್ತದೆ. ಈ ಪ್ರಾಂತದಲ್ಲಿ ಕ್ರೀಡೆಯೆಂದರೆ ಕುಸ್ತಿ, ಕುಸ್ತಿಯೆಂದರೆ ರಾಜಾಶ್ರಯ. ಕೊಲ್ಹಾಪುರದ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ್ ಮೈದಾನವನ್ನು ಕಟ್ಟಿಸಿ ಪೈಲ್ವಾನರನ್ನು ಪೋಷಿಸಿದ ಕೀರ್ತಿ ಈ ಸೀಮೆಯ ತಾಲೀಮುಗಳಲ್ಲಿ ಇಂದಿಗೂ ಮಾಸಿಲ್ಲ. ಆ ಪರಂಪರೆ ಪೂಜ್ಯವಾದುದು. ಆದರೆ ಅದರೊಂದಿಗೆ ಮಹಾರಾಜನೊಬ್ಬನಿಗಾಗಿ ಕಾದು ಕುಳಿತುಕೊಳ್ಳುವ ಅಭ್ಯಾಸವೂ ನಮ್ಮಲ್ಲಿ ಉಳಿದುಕೊಂಡಿತು. ಅರಸರ ಕಾಲ ಕಳೆದ ಮೇಲೆ ಅದೇ ನಿರೀಕ್ಷೆಯಿಂದ ನಾವು ಮಂತ್ರಿಯ ಕಡೆಗೆ, ಸಕ್ಕರೆ ಕಾರ್ಖಾನೆಯ ಅಧ್ಯಕ್ಷನ ಕಡೆಗೆ, ಕಟ್ಟಡಗಳ ಗುತ್ತಿಗೆದಾರನ ಕಡೆಗೆ ನೋಡುತ್ತ ಬಂದಿದ್ದೇವೆ.

ಬೇರೊಂದು ಮಾರ್ಗವಿದೆಯೇ ಎಂಬುದಕ್ಕೆ ಸ್ಪೇನ್ ದೇಶದ ಎಯ್ಬಾರ್ ಎಂಬ ಪಟ್ಟಣದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಾಸ್ಕ್ ನಾಡಿನ ಇಕ್ಕಟ್ಟಾದ ಕಣಿವೆಯೊಂದರಲ್ಲಿರುವ ಆ ಪಟ್ಟಣದ ಜನಸಂಖ್ಯೆ ಸುಮಾರು 27,000. ಬಂದೂಕು, ಸೈಕಲ್, ಹೊಲಿಗೆ ಯಂತ್ರ ಮೊದಲಾದುವನ್ನು ತಯಾರಿಸಿ ಬದುಕಿದ ಕುಶಲಕರ್ಮಿಗಳ ಊರು ಅದು. 1940ರಲ್ಲಿ ಹುಟ್ಟಿದ ಅದರ ಕಾಲ್ಚೆಂಡಿನ ಸಂಘವು 2014ರಲ್ಲಿ ಮೊದಲ ಬಾರಿಗೆ ಸ್ಪೇನಿನ ಅಗ್ರಶ್ರೇಣಿಗೆ ಅರ್ಹತೆ ಪಡೆಯಿತು. ಆಗಲೇ ಕಾನೂನು ಅಡ್ಡ ಬಂದಿತು: ಸಂಘದ ಮೂಲಬಂಡವಾಳ ನಿಯಮಕ್ಕೆ ಸಾಲದು, ಇನ್ನೂ ಸುಮಾರು 17 ಲಕ್ಷ ಯೂರೋ ಕೂಡಿಸದಿದ್ದರೆ ಮೇಲೇರುವುದಿರಲಿ, ಕೆಳಗಿನ ಶ್ರೇಣಿಗೆ ಇಳಿಯಬೇಕೆಂದು. ವಿಪರ್ಯಾಸವೆಂದರೆ ಆ ಸಂಘಕ್ಕೆ ಸಾಲದ ಹೊರೆಯೇ ಇರಲಿಲ್ಲ. ಧನಿಕನೊಬ್ಬನನ್ನು ಕರೆದು ಸಂಘವನ್ನು ಒಪ್ಪಿಸಿದ್ದರೆ ಒಂದೇ ದಿನದಲ್ಲಿ ಕಾರ್ಯ ಮುಗಿಯುತ್ತಿತ್ತು. ಎಯ್ಬಾರಿನವರು ಹಾಗೆ ಮಾಡದೆ, 50 ಯೂರೋವಿನಿಂದ ಆರಂಭವಾಗುವ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದರು. ಒಬ್ಬನೇ 1,00,000 ಯೂರೋವಿಗಿಂತ ಹೆಚ್ಚಿನದನ್ನು ಕೊಳ್ಳಬಾರದೆಂದು ಕಟ್ಟಳೆ ಮಾಡಿದರು. ನಾನಾ ದೇಶಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಪಾಲುದಾರರಾದರು. ಮೊದಲ ಋತುವಿನ ಅಂತ್ಯದಲ್ಲಿ ತಂಡ 18ನೆಯ ಸ್ಥಾನಕ್ಕೆ ಜಾರಿ ಕೆಳಗಿಳಿಯಬೇಕಾಗಿತ್ತು. ಆದರೆ ಅಂಕಗಳಲ್ಲಿ ಮುಂದಿದ್ದ ಎಲ್ಚೆ ಸಂಘವನ್ನು ಹಣದ ಅವ್ಯವಸ್ಥೆಗಾಗಿ ಅಧಿಕಾರಿಗಳು ಕೆಳಗಿಳಿಸಿದುದರಿಂದ ಎಯ್ಬಾರ್ ಉಳಿದುಕೊಂಡಿತು. 2021ರವರೆಗೆ ಆ ಶ್ರೇಣಿಯಲ್ಲಿಯೇ ಇತ್ತು. ಮಿತವ್ಯಯವೂ ಒಂದು ಕ್ರೀಡಾಕೌಶಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ನನಗೆ ತಿಳಿಯದು.

ಅದು ಯುರೋಪು, ನಮ್ಮಲ್ಲಿ ಸಾಮಾನ್ಯರ ಚಿಲ್ಲರೆ ಹಣದಿಂದ ಸಂಸ್ಥೆ ನಿಲ್ಲದೆಂದು ಹೇಳುವವರಿದ್ದಾರೆ. ಹೀಗೆನ್ನುವವರು ಬೆಳಗಾವಿಯ ಚರಿತ್ರೆಯನ್ನೇ ಮರೆತಿರುವರು. 1916ರಲ್ಲಿ ಇದೇ ಊರಿನಲ್ಲಿ ಕೆ.ಎಲ್.ಇ. ಸೊಸೈಟಿಯನ್ನು ಸ್ಥಾಪಿಸಿದವರು ಕುಬೇರರಲ್ಲ, ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಮಂದಿ ತರುಣ ಶಿಕ್ಷಕರು. ವಂಟಮುರಿಯ ರಾಜಾ ಲಖಮಗೌಡರಂತಹ ಉದಾರಿಗಳು ಆಮೇಲೆ ಕೈಯೆತ್ತಿ ಕೊಟ್ಟರು. ಅವರ ಹೆಸರುಗಳು ಕಾಲೇಜುಗಳ ಹೆಬ್ಬಾಗಿಲ ಮೇಲೆ ಗೌರವದಿಂದ ನಿಂತುವು. ಸಂಸ್ಥೆ ಮಾತ್ರ ಯಾವ ದಾತೃವಿನ ಸ್ವಂತ ಆಸ್ತಿಯೂ ಆಗಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು ಬೆಳಗಾವಿಯಲ್ಲಿ ಪಾಯೊನಿಯರ್ ಅರ್ಬನ್ ಸಹಕಾರಿ ಬ್ಯಾಂಕು ಹುಟ್ಟಿತ್ತು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ನಮ್ಮ ದೇಶದ ಸಹಕಾರ ಚಳವಳಿಯ ಮೊದಮೊದಲ ಸಂಘಗಳಲ್ಲಿ ಒಂದು. ಪಾಲು ಕೂಡಿಸಿ, ಲೆಕ್ಕವಿಟ್ಟು, ವಾರ್ಷಿಕ ಸಭೆಯಲ್ಲಿ ಜಗಳವಾಡಿ, ಮರುವರ್ಷ ಮತ್ತೆ ಕೂಡುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಕ್ರೀಡೆಯಲ್ಲಿಯೂ ಪೂರ್ವನಿದರ್ಶನವಿದೆ: 1937ರಲ್ಲಿಯೂ 1938ರಲ್ಲಿಯೂ ಸೇನಾತಂಡಗಳ ಪ್ರಾಬಲ್ಯವಿದ್ದ ರೋವರ್ಸ್ ಕಪ್ಪನ್ನು ಗೆದ್ದುತಂದ ಬ್ಯಾಂಗಲೂರ್ ಮುಸ್ಲಿಮ್ಸ್ ತಂಡ ಯಾವ ಕಾರ್ಖಾನೆಯದೂ ಅಲ್ಲ, ಯಾವ ಪಲ್ಟನ್ನಿನದೂ ಅಲ್ಲ.

ಸದಸ್ಯರ ಸಂಘದಲ್ಲಿ ಕಲಹವಿದೆ, ವಿಳಂಬವಿದೆ, ಚುನಾವಣೆಯ ರಾಜಕಾರಣವಿದೆ. ಇದನ್ನು ಅಲ್ಲಗಳೆಯಲಾರೆ, ಸಹಕಾರಿ ಸಂಸ್ಥೆಗಳು ಕೆಲವರ ಹಿಡಿತಕ್ಕೆ ಸಿಕ್ಕಿ ಕೆಟ್ಟುದನ್ನು ಈ ಜಿಲ್ಲೆಯ ಜನ ಬಲ್ಲರು. ವೃತ್ತಿಪರ ಆಟಗಾರನ ಸಂಬಳ ಇಂದು ಸಾಮಾನ್ಯನ ವಂತಿಗೆಗೆ ಎಟಕುವುದಲ್ಲವೆಂಬುದೂ ನಿಜ. ಆದುದರಿಂದ ಧನಿಕನ ಹಣ ಬೇಡವೆಂದು ನಾನು ಹೇಳುವುದಿಲ್ಲ. ಅವನ ಹೆಸರು ಆಟಗಾರನ ಅಂಗಿಯ ಮೇಲೆ ಇರಲಿ, ಕ್ರೀಡಾಂಗಣದ ಕಮಾನಿನ ಮೇಲೆಯೂ ಇರಲಿ. ಸಂಘವನ್ನು ಮುಚ್ಚುವ ಅಧಿಕಾರ ಮಾತ್ರ ಅವನಲ್ಲಿ ಇರಕೂಡದು. ಜರ್ಮನಿಯಲ್ಲಿ ಸಂಘದ ಅರ್ಧಕ್ಕಿಂತ ಹೆಚ್ಚಿನ ಮತಾಧಿಕಾರ ಸದಸ್ಯರಲ್ಲಿಯೇ ಉಳಿಯಬೇಕೆಂಬ ನಿಯಮವಿರುವುದು ಈ ಉದ್ದೇಶಕ್ಕಾಗಿಯೇ. ಗೋವೆಯ ವಿಷಯದಲ್ಲಿಯೂ ಗಮನಿಸತಕ್ಕ ಅಂಶವೊಂದಿದೆ: ದೊಡ್ಡ ಸಂಘಗಳು ರಾಷ್ಟ್ರೀಯ ಲೀಗನ್ನು ಬಿಟ್ಟ ಮೇಲೂ ಊರುಗಳಲ್ಲಿ ಆಟ ನಿಲ್ಲಲಿಲ್ಲ, ಏಕೆಂದರೆ ಊರ ಬಯಲು ಯಾವ ಕಂಪನಿಯ ಲೆಕ್ಕದಲ್ಲಿಯೂ ಇರಲಿಲ್ಲ. ಡೆಂಪೊ ಕೂಡ ಮುಂದೆ ಕೆಳಗಿನ ಶ್ರೇಣಿಯಿಂದ ಮತ್ತೆ ಮೆಟ್ಟಿಲೇರಿ 2024-25ರಲ್ಲಿ ಐ-ಲೀಗ್ ಎಂಬ ಆ ಹಳೆಯ ರಾಷ್ಟ್ರೀಯ ಲೀಗಿಗೆ ಮರಳಿತು.

ಬೆಳಗಾವಿಗೂ ಖಾನಾಪುರಕ್ಕೂ ಸೇರಿದ ಸಂಘವೊಂದನ್ನು ಕಟ್ಟುವುದಾದರೆ ಮೊದಲು ಬರೆಯಬೇಕಾದದ್ದು ಆಟಗಾರರ ಪಟ್ಟಿಯಲ್ಲ, ಸದಸ್ಯರ ಪಟ್ಟಿ. ಸಹಕಾರಿಗಳಿಗೆ ಸ್ವಾಯತ್ತತೆಯನ್ನು ಕೊಡುವ 1997ರ ಸೌಹಾರ್ದ ಸಹಕಾರಿ ಕಾಯಿದೆ ನಮ್ಮ ರಾಜ್ಯದಲ್ಲಿದೆ. ಎಷ್ಟು ಪಾಲು ಕೊಂಡರೂ ಒಬ್ಬನಿಗೆ ಒಂದೇ ಮತವೆಂಬ ಸಹಕಾರತತ್ತ್ವವನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಆ ಪಟ್ಟಿಯಲ್ಲಿ ಶಹಾಪುರದ ನೇಕಾರನೂ, ಕ್ಯಾಂಪಿನ ನಿವೃತ್ತ ಹವಾಲ್ದಾರನೂ, ಖಾನಾಪುರದ ಹೆಂಚಿನ ಕಾರ್ಖಾನೆಯ ಕೂಲಿಕಾರನೂ, ಕಣಕುಂಬಿಯ ಗದ್ದೆಯವನೂ ಇರಬೇಕು. ಮನೆಯಲ್ಲಿ ಕನ್ನಡವನ್ನಾಡುವವನೂ, ಮರಾಠಿಯನ್ನಾಡುವವನೂ, ಕೊಂಕಣಿಯನ್ನಾಡುವವನೂ ಒಂದೇ ಪುಟದಲ್ಲಿ ಸಹಿ ಹಾಕಬೇಕು. ಗಡಿಯ ವ್ಯಾಜ್ಯದಲ್ಲಿ ಬಹುಕಾಲದಿಂದ ಎದುರುಬದುರಾಗಿ ನಿಂತ ಜನರು ಒಂದೇ ಆಸ್ತಿಗೆ ಸಮಪಾಲಿನ ಒಡೆಯರಾಗುವ ಸಂದರ್ಭಗಳು ಈ ನಗರದಲ್ಲಿ ವಿರಳ. ಅಂತಹ ಒಂದು ಸಂದರ್ಭವನ್ನು ಕಾಲ್ಚೆಂಡು ಒದಗಿಸಬಲ್ಲದು. ಮಳೆಗಾಲ ಕಳೆದು ಖಾನಾಪುರದ ಭತ್ತ ಮನೆ ಸೇರಿದ ಮೇಲೆ ಊರೂರಿನ ಗದ್ದೆಗಳಲ್ಲಿ ಆಯ್ಕೆಯ ಪಂದ್ಯಗಳನ್ನು ನಡೆಸಬಹುದು. ಅದಕ್ಕೆ ಮೊದಲು ಹೆಬ್ಬಳ್ಳಿಗೊಂದರಂತೆ ಬಯಲನ್ನು ಪಂಚಾಯತಿಯ ಠರಾವಿನಲ್ಲಿ ಆಟದ ಮೈದಾನವೆಂದು ಬರೆಯಿಸಿ, ನಿವೇಶನಗಳಿಗೆ ಹಂಚಿಹೋಗದಂತೆ ಭದ್ರಪಡಿಸಬೇಕು. ಈ ಕೆಲಸಕ್ಕೆ ಯಾವ ಧನಿಕನ ಅನುಮತಿಯೂ ಬೇಕಾಗಿಲ್ಲ, ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವ ನಾಲ್ಕು ಜನ ಸಾಕು.