ಮೇಜಿನ ಮೇಲೆ ಹುಮನಾಬಾದಿನ ರೈಲು

ಹುಡುಗನಿಗೆ ಆಟದ ರೈಲು, ಹುಡುಗಿಗೆ ಆಟದ ಒಲೆ. ಹುಮನಾಬಾದಿನ ಜಾತ್ರೆಯಲ್ಲಿ ತಂದೆತಾಯಿಗಳು ಕೊಳ್ಳುವ ಸಾಮಾನುಗಳಲ್ಲಿ ಈ ಭೇದವು ಇಂದಿಗೂ ಅಳಿದಿಲ್ಲ. ಇದು ಯೋಗ್ಯವಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ತಾಯಂದಿರಾಗಿರುವುದರಿಂದ ಈ ಮಾತನ್ನು ಅವರ ಮುಂದಿಡುವುದು ಉಚಿತವೆಂದು ತೋರಿತು.

ಕೀಲಿ ಕೊಟ್ಟರೆ ಗಿರ್ರನೆ ಸುತ್ತುವ ಬೊಂಬೆಗಾಡಿಯನ್ನು ಕುರಿತು ನಾವು ಹೇಳುತ್ತಿಲ್ಲ. ನಿಜವಾದ ರೈಲುಮಾರ್ಗವೊಂದನ್ನು ಆರಿಸಿಕೊಂಡು, ಅದನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ ಮನೆಯಲ್ಲಿ ಕಟ್ಟಿ, ನಿಜವಾದ ರೈಲಿನ ನಿಯಮದಂತೆಯೇ ನಡೆಯಿಸುವ ಒಂದು ವಿದ್ಯೆಯುಂಟು. ಪುಣೆಯಲ್ಲಿ ಭಾವೂಸಾಹೇಬ ಜೋಶಿಯವರು ಕಟ್ಟಿದ ಕಿರುರೈಲುಗಳ ಸಂಗ್ರಹಾಲಯವು 1998ರಿಂದ ಸಾರ್ವಜನಿಕರಿಗೆ ತೆರೆದಿದೆ. ಇಂಗ್ಲೆಂಡಿನಲ್ಲಿ ಪೀಟರ್ ಡೆನ್ನಿ ಎಂಬ ಪಾದ್ರಿಗಳು ಗ್ರೇಟ್ ಸೆಂಟ್ರಲ್ ಕಂಪನಿಯ ರೀತಿಯಲ್ಲಿ ಬಕಿಂಗ್‌ಹ್ಯಾಮಿಗೆ ಒಂದು ಶಾಖೆಯನ್ನು ಕಲ್ಪಿಸಿ ದಶಕಗಳ ಕಾಲ ಅದನ್ನು ಬೆಳೆಸಿದರು. ಜೊತೆಗೆ ಗಾಡಿ ನಡೆಯಿಸುತ್ತಿದ್ದ ಮಗನ ಬದಲಿಗೆ ಯಂತ್ರವೊಂದನ್ನು ಮಾಡಿ ಅದಕ್ಕೆ ಅವನ ಹೆಸರನ್ನೇ ಇಟ್ಟರು.

ನಮಗೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬಹುಕಾಲ ಕಾದ ಬೀದರ–ಕಲಬುರಗಿ ಮಾರ್ಗವು 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು, ಹುಮನಾಬಾದಿಗೂ ಸ್ಟೇಷನ್ನಿದೆ. ಸುಮಾರು 110 ಕಿಲೋಮೀಟರಿನ ಈ ಮಾರ್ಗವನ್ನು 87ನೆಯ ಒಂದಂಶಕ್ಕೆ ಇಳಿಸಿದರೂ ಅದು ಒಂದೂಕಾಲು ಕಿಲೋಮೀಟರು ಉದ್ದವಾಗುವುದು! ಮರಗುತ್ತಿಯ ಸುರಂಗವೊಂದೇ ಯಾವ ಮನೆಯ ಪಡಸಾಲೆಗೂ ಹಿಡಿಸದು. ಆದುದರಿಂದ ಹುಡುಗಿಯು ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ವಿಚಾರ ಮಾಡಲೇಬೇಕು. ನಮ್ಮ ಮಟ್ಟಿಗೆ ಈ ವಿಚಾರವೇ ಆ ವಿದ್ಯೆಯ ತಿರುಳು. 21 ಮೀಟರಿನ ಡಬ್ಬಿಯು 24 ಸೆಂಟಿಮೀಟರಾಗುವುದು. ನಾಲ್ಕು ಡಬ್ಬಿಗಳ ಗಾಡಿಗೇ ಒಂದು ಮೀಟರು ಬೇಕು. ನಮ್ಮ ದೇಶದ ಅಗಲ ಹಳಿಯ ಅಂತರವು 1,676 ಮಿಲಿಮೀಟರು. ಅಂಗಡಿಯಲ್ಲಿ ದೊರೆಯುವ 16.5 ಮಿಲಿಮೀಟರಿನ ಹಳಿಯಾದರೋ 1,435ರ ವಿಲಾಯತಿ ಹಳಿಯ ಪ್ರತಿರೂಪ. ನಮ್ಮದಕ್ಕೆ 19 ಮಿಲಿಮೀಟರಿಗೂ ಮಿಕ್ಕು ಬೇಕು. ಕೊಂಡುದರಿಂದ ತೃಪ್ತಳಾಗುವಳೋ, ಕೈಯಾರೆ ಹಳಿ ಜೋಡಿಸುವಳೋ? ತ್ರೈರಾಶಿಕವೆಂದರೆ ತಲೆನೋವೆನ್ನುವ ಹುಡುಗಿಯೂ ಇಲ್ಲಿ ಲೆಕ್ಕವನ್ನು ತಾನಾಗಿಯೇ ಮಾಡುವಳು. ತಿರುವಿನಲ್ಲಂತೂ ರಾಜಿ ಅನಿವಾರ್ಯ: ನಮ್ಮಲ್ಲಿ ಅಗಲ ಹಳಿಯ ಅತಿ ಬಿಗಿಯಾದ ತಿರುವಿಗೆ 175 ಮೀಟರು ತ್ರಿಜ್ಯ, ಮೇಜಿನ ಮೇಲೆ ಅದು ಎರಡು ಮೀಟರು.

ನೆಲಕ್ಕೆ ಬಣ್ಣವನ್ನು ಕೊಳ್ಳುವುದೇಕೆ? ಬಸವಕಲ್ಯಾಣದ ಕೆಮ್ಮಣ್ಣನ್ನೂ ಹೊಲದ ಎರೆಮಣ್ಣನ್ನೂ ಜರಡಿ ಹಿಡಿದು ಅಂಟಿಸಿದರೆ ಸಾಕು. ಒಣಗಿದ ತೊಗರಿಕಟ್ಟಿಗೆಯ ಸಣ್ಣ ಟಿಸಿಲುಗಳು ಮರಗಳಾಗುವುವು.

ಕಟ್ಟಿದ ಮೇಲೆ ನಡೆಯಿಸುವುದು. ಸುಮ್ಮನೆ ಸುತ್ತು ಹೊಡೆಯಿಸುವುದು ನಮಗೆ ಸೇರದು. ಒಬ್ಬಳು ಹುಮನಾಬಾದಿನಲ್ಲಿ, ಇನ್ನೊಬ್ಬಳು ಹಳ್ಳಿಖೇಡದಲ್ಲಿ ಸ್ಟೇಷನ್ ಮಾಸ್ತರರಾಗಿ ಕೂರಲಿ. ವೇಳಾಪತ್ರಿಕೆಯನ್ನು ತಾವೇ ಬರೆಯಲಿ. ಒಂಟಿ ಹಳಿಯಲ್ಲಿ, ಮುಂದಿನ ಸ್ಟೇಷನ್ನಿನಿಂದ ಒಪ್ಪಿಗೆ ಬಾರದೆ ಗಾಡಿಯನ್ನು ಬಿಡಕೂಡದು. ಗಂಟೆಗೆ 60 ಕಿಲೋಮೀಟರು ಓಡುವ ಗಾಡಿಯು ಮೇಜಿನ ಮೇಲೆ ಸೆಕೆಂಡಿಗೆ 19 ಸೆಂಟಿಮೀಟರಿಗಿಂತ ಹೆಚ್ಚು ಸರಿಯಕೂಡದು. ಇದನ್ನು ಪಾಲಿಸಲು ತಾಳ್ಮೆ ಬೇಕು. ಅಕ್ಕತಂಗಿಯರಲ್ಲಿ ಜಗಳವೂ ಆದೀತು, ಆಗಲಿ.

ಇದರಿಂದ ಹೆಣ್ಣುಮಕ್ಕಳಿಗೇನು ಪ್ರಯೋಜನವೆಂದು ಪಾಲಕರು ಕೇಳುವರು. ದೇಶದ ಮೊದಲ ಮಹಿಳಾ ರೈಲುಚಾಲಕಿಯೆನಿಸಿದ ಸಾತಾರೆಯ ಸುರೇಖಾ ಯಾದವರು 2023ರ ಮಾರ್ಚಿಯಲ್ಲಿ ವಂದೇ ಭಾರತ್ ಗಾಡಿಯನ್ನು ನಡೆಯಿಸಿದುದು ನಮ್ಮ ನೆರೆಯ ಸೊಲ್ಲಾಪುರದಿಂದಲೇ. ಆದರೆ ಪ್ರತಿಯೊಬ್ಬಳೂ ಚಾಲಕಿಯಾಗಲೆಂದು ನಾವು ಹೇಳುತ್ತಿಲ್ಲ. ಹುಡುಗನ ಆಟಕ್ಕೆ ಯಾರೂ ಕೇಳದ ಪ್ರಯೋಜನವನ್ನು ಹುಡುಗಿಯ ಆಟಕ್ಕೆ ಮಾತ್ರ ಕೇಳುವುದೇಕೆ? ಖರ್ಚು ಉಂಟು, ನಿಜ, ಇಂಜಿನು ಅಗ್ಗದ್ದಲ್ಲ. ಹಲಗೆ, ರಟ್ಟು, ಅಂಟುಗಳಿಂದ ಸ್ಟೇಷನ್ನನ್ನು ಮೊದಲು ಕಟ್ಟಲಿ. ಇಂಜಿನು ಮರುವರ್ಷ ಬರಲಿ.

ಬಸವಕಲ್ಯಾಣದ ಹುಡುಗಿಯರಿಗೆ ಇನ್ನೂ ಸ್ವಾರಸ್ಯದ ಕೆಲಸವಿದೆ. ಅವರ ಊರಿಗೆ ಇಂದಿಗೂ ರೈಲಿಲ್ಲ. ಹುಮನಾಬಾದಿನಿಂದ ಹಳಿ ಬಂದರೆ ಎಲ್ಲಿ ಏರು, ಎಲ್ಲಿ ಸೇತುವೆ, ಕೋಟೆಯ ಯಾವ ಮಗ್ಗುಲಿಗೆ ಸ್ಟೇಷನ್ನು ಎಂಬುದನ್ನು ಅವರೇ ನಕ್ಷೆ ನೋಡಿ ನಿಶ್ಚಯಿಸಲಿ.

ರಜೆಯಲ್ಲಿ ಹುಮನಾಬಾದಿನ ಸ್ಟೇಷನ್ನನ್ನು ಅಳೆಯಹೋಗುವವರು ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಮೊದಲು ಸ್ಟೇಷನ್ ಮಾಸ್ತರರ ಅನುಮತಿಯನ್ನು ಪಡೆಯತಕ್ಕದ್ದು. ಅಳತೆ ಏನಿದ್ದರೂ ಪ್ಲಾಟ್‌ಫಾರಮಿನ ಮೇಲಿಂದಲೇ. ಹಳಿಯ ಮೇಲೆ ಯಾರೂ ಇಳಿಯಕೂಡದು.