ತಿಥಿ ಊಟದ ಭಾರ ಯಾರ ಹೆಗಲಿಗೆ?

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಾವಾದ ಮನೆಯವರು ಒಲೆ ಹಚ್ಚುವುದಿಲ್ಲ. ನೆರೆಹೊರೆಯವರೇ ಅನ್ನ, ಸಾರು ತರುತ್ತಾರೆ. ಕಳೆದ ವರ್ಷ ನಮ್ಮೂರಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಪಕ್ಕದ ಮನೆಯಾಕೆ, ‘ಎರಡು ತುತ್ತು ತಿನ್ನಕ್ಕ, ಮಕ್ಕಳ ಮುಖ ನೋಡು’ ಎಂದು ತಾನೇ ಕಲಸಿ ಉಣಿಸಿದ್ದನ್ನು ಕಂಡೆ. ಹನ್ನೊಂದನೇ ದಿನ ಅದೇ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು, ಊರಿಗೆ ಊರೇ ಪಂಕ್ತಿಯಲ್ಲಿ ಕೂತಿತ್ತು. ಆಕೆ ಮೂಲೆಯಲ್ಲಿ ಮಗನನ್ನು ಕರೆದು, ‘ಮಟನ್‌ ಅಂಗಡಿಯವರಿಗೆ ಇನ್ನೂ ಎಷ್ಟು ಕೊಡಬೇಕಪ್ಪ?’ ಎಂದು ಕೇಳುತ್ತಿದ್ದರು.

ಹತ್ತೇ ದಿನದಲ್ಲಿ ಉಣಿಸುವವರು ಉಣ್ಣುವವರಾದರು, ದುಃಖದಲ್ಲಿದ್ದವರು ಸಾಲಗಾರರಾದರು. ನನ್ನ ತಕರಾರು ತಿಥಿಯ ಬಗ್ಗೆ ಅಲ್ಲ, ಈ ಅದಲುಬದಲಿನ ಬಗ್ಗೆ.

ಸಾವಿನ ನಂತರ ಸೇರುವ ದಿನಗಳಿಗೆ ನಮ್ಮಲ್ಲಿ ಎಷ್ಟು ಹೆಸರು! ಸಮಾಧಿಗೆ ಎರೆಯುವುದರಿಂದ ಬಂದದ್ದು ‘ಹಾಲು–ತುಪ್ಪ’. ತುಳುನಾಡಿನಲ್ಲಿ ‘ಬೊಜ್ಜ’. ಲಿಂಗಾಯತರಲ್ಲಿ ಸೇರಿದ ಶರಣರನ್ನೇ ಗಣವೆಂದು ಗೌರವಿಸುವ ‘ಶಿವಗಣಾರಾಧನೆ’. ‘ವೈಕುಂಠ ಸಮಾರಾಧನೆ’ ಎಂಬ ಹೆಸರಿನಲ್ಲಿ ತೀರಿಕೊಂಡವರು ಹೋಗಿ ಸೇರುವ ಲೋಕವಿದೆ. ಉಳಿದವರನ್ನು ನೆನೆಯುವ ಹೆಸರು ನನಗೆ ಕಂಡದ್ದು ಒಂದೇ: ಬ್ರಾಹ್ಮಣರ ಮನೆಗಳಲ್ಲಿ ಹದಿಮೂರನೇ ದಿನದ ‘ಶುಭಸ್ವೀಕಾರ’. ಸೂತಕ ಕಳೆಯಿತು, ಇನ್ನು ನೀವು ಶುಭಕ್ಕೆ ಮರಳಬಹುದು ಎಂದು ಬಂಧುಗಳು ಆ ಮನೆಗೆ ಹೇಳುವ ದಿನವದು. ಜಾತಿ, ಮತ ಯಾವುದೇ ಇರಲಿ, ಈ ಸೇರುವಿಕೆಯ ತಿರುಳು ಇದೇ ಎಂದು ನಾನು ನಂಬುತ್ತೇನೆ. ಮೂತಾ ಕದನದಲ್ಲಿ ಪ್ರವಾದಿ ಮುಹಮ್ಮದರ ಬಂಧು ಜಾಫರ್ ಮಡಿದಾಗ ಅವರ ಮನೆಯವರಿಗೆ ಅಡುಗೆ ಮಾಡಿಕೊಡಲು ಪ್ರವಾದಿ ಹೇಳಿದ್ದರೆಂದು ಹದೀಸ್‌ಗಳಲ್ಲಿದೆ. ಅಲ್ಲೂ ಉಣಬೇಕಾದವರು ಸಾವಿನ ಮನೆಯವರೇ.

ಹಾಗಾದರೆ ಊಟವನ್ನೇ ನಿಷೇಧಿಸಿಬಿಡೋಣವೇ? ರಾಜಸ್ಥಾನ ಅದನ್ನು ಮಾಡಿ ನೋಡಿದೆ. ಅಲ್ಲಿ 1960ರಲ್ಲೇ ‘ಮೃತ್ಯುಭೋಜ’ ತಡೆ ಕಾಯ್ದೆ ಬಂತು. ಮೀರಿದವರಿಗೆ ಒಂದು ವರ್ಷದವರೆಗೆ ಜೈಲು. ಆರು ದಶಕ ಕಳೆದ ಮೇಲೆ, 2020ರಲ್ಲಿ, ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದು ಅಲ್ಲಿನ ಪೊಲೀಸರಿಗೆ ಮತ್ತೆ ಸೂಚನೆ ಹೋಗಬೇಕಾಯಿತು. ‘ಅಪ್ಪನ ತಿಥಿಗೂ ಊರಿಗೆ ಒಂದು ತುತ್ತು ಹಾಕಲಿಲ್ಲ’ ಎಂಬ ಮಾತಿಗೆ ಜನ ಜೈಲಿಗಿಂತ ಹೆಚ್ಚು ಹೆದರುತ್ತಾರೆ. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ತೆಗೆದ ‘ತಿಥಿ’ ಸಿನಿಮಾದಲ್ಲಿ 101 ವರ್ಷದ ಸೆಂಚುರಿ ಗೌಡ ತೀರಿಕೊಂಡ ಮೇಲೆ ಊರೂಟಕ್ಕೆ ಕುರಿ ಹೊಂದಿಸುವುದೇ ಮನೆಯವರಿಗೆ ಒಂದು ಪಾಡಾಗುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಅದು ಗೊತ್ತಿರುವ ಪಾಡೇ.

ಆ ಹೆದರಿಕೆ ಹೋಗಬೇಕಾದರೆ ಊರೇ ಮುಂದಾಗಬೇಕು. ಎಡೆ ಇರಲಿ, ತೀರಿಕೊಂಡವರಿಗೆ ಇಷ್ಟವಾದ ವಡೆ, ಎಲೆಅಡಿಕೆ, ಬೀಡಿ ಕಟ್ಟು ಎಲ್ಲವೂ ಇರಲಿ. ದೂರದಿಂದ ಬಂದ ನೆಂಟರಿಗೆ ಒಂದು ಅನ್ನ, ಸಾರು ಸಾಕು. ಬಾಡೂಟ, ದಾರಿಯುದ್ದದ ಫ್ಲೆಕ್ಸ್ ಬೇಡವೆಂದು ಸಂಘದವರು, ಮಠದವರು, ಊರ ಯಜಮಾನರು ಮೊದಲು ತಮ್ಮ ಮನೆಯ ತಿಥಿಯಲ್ಲೇ ತೋರಿಸಲಿ. ಉಳ್ಳವರು ನಿಲ್ಲಿಸಿದರೆ ಇಲ್ಲದವರಿಗೆ ನಿಲ್ಲಿಸುವ ಧೈರ್ಯ ಬರುತ್ತದೆ.

ನಿಮಗೂ ಒಂದು ಮಾತು. ಮುಂದಿನ ಸಲ ತಿಥಿಯ ಕರೆ ಬಂದಾಗ ಹಾರದ ಬದಲು ಐದು ಸೇರು ಅಕ್ಕಿ ಒಯ್ಯಿರಿ. ಶಾಮಿಯಾನ ಬಿಚ್ಚಿ, ನೆಂಟರೆಲ್ಲ ಹೊರಟ ಮೇಲೆ, ಮುಂದಿನ ವಾರ ಆ ಮನೆಗೆ ಇನ್ನೊಮ್ಮೆ ಹೋಗಿ ಬನ್ನಿ.