ಗವಸಣಿಗೆಯ ವಿಚಾರ

ನಮ್ಮ ಸಂಘದ ಬೇಸಗೆಯ ಮಕ್ಕಳ ಶಿಬಿರದಲ್ಲಿ, ಇ-ರೀಡರಿಗೆ ಬಟ್ಟೆಯ ಗವಸಣಿಗೆ ಹೊಲಿಯುವುದನ್ನು ಕಲಿಸಲು ಒಂದು ಮಧ್ಯಾಹ್ನವನ್ನು ಮೀಸಲಿಡಬೇಕೆಂದು ಕಾರ್ಯಕಾರಿ ಮಂಡಲಿಯ ಮುಂದೆ ಸೂಚನೆಯೊಂದು ಬಂದಿರುವುದು ವಾಚಕ ಮಹಾಶಯರಿಗೆ ತಿಳಿದೇ ಇದೆ. ಅದಕ್ಕೆ ಎದ್ದಿರುವ ವಿರೋಧವೂ ಕಿವಿಗೆ ಬಿದ್ದಿರಬಹುದು. ವಿರೋಧಿಸತಕ್ಕವರು ಎರಡು ಪಂಗಡದವರು. ಯಂತ್ರವು ಗ್ರಂಥವಲ್ಲ, ಅದಕ್ಕೆ ಉಪಚಾರ ಮಾಡುವುದು ಸಾಹಿತ್ಯ ಸಂಘದ ಕೆಲಸವಲ್ಲ ಎಂಬುದು ಮೊದಲನೆಯವರ ವಾದ. ಗವಸಣಿಗೆ ಅಂಗಡಿಯಲ್ಲಿ ಸಿಕ್ಕುತ್ತಿರುವಾಗ ಹೊಲಿಯುವುದೇಕೆ, ಅದೇನಿದ್ದರೂ ಹೆಂಗಸರ ಹೊತ್ತುಗಳೆಯುವ ಕೆಲಸ ಎಂಬುದು ಎರಡನೆಯವರ ವಾದ. ಪೂರ್ವಪಕ್ಷವನ್ನು ನೆಟ್ಟಗೆ ಹೇಳದೆ ಖಂಡಿಸಕೂಡದೆಂದು ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದರು. ಆದಕಾರಣ ಇಬ್ಬರ ಮಾತನ್ನೂ ಅವರು ಹೇಳಿದುದಕ್ಕಿಂತ ತುಸು ಬಲವಾಗಿಯೇ ಹೇಳಿ, ಆಮೇಲೆ ಉತ್ತರಕ್ಕೆ ಹೊರಡುತ್ತೇನೆ.

ಮೊದಲನೆಯವರ ವಾದವನ್ನು ಬಲಪಡಿಸುವುದಾದರೆ ಹೀಗೆ ಹೇಳಬೇಕು: ಓಲೆಗರಿಯ ಕಟ್ಟೊಂದು ಹುಳು ಹಿಡಿದು ಹೋದರೆ ಗ್ರಂಥವೇ ಹೋದಂತೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ ಬೀಳುವವರೆಗೆ ಆ ಗ್ರಂಥದ ಹೆಸರನ್ನು ಮಾತ್ರ ಕೇಳಿ ತೃಪ್ತಿಪಡುತ್ತಿದ್ದ ವಿದ್ವಾಂಸರೇ ಹೆಚ್ಚು. 1909ರಲ್ಲಿ ಅದು ಅಚ್ಚಾಯಿತು. ಆ ಓಲೆಗಳನ್ನು ಯಾರೋ ಹೆಸರಿಲ್ಲದವರು ತಲೆಮಾರುಗಳಿಂದ ಮರದ ಹಲಗೆಗಳ ನಡುವೆ ಕಟ್ಟಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿರದಿದ್ದರೆ ಏನಾಗುತ್ತಿತ್ತು? ಯಂತ್ರದ ಸಂಗತಿ ಹಾಗಲ್ಲ. ಅದು ಒಡೆದರೆ ಗ್ರಂಥಕ್ಕೆ ಕೂದಲೂ ಕೊಂಕದು. ಪ್ರತಿ ಎಲ್ಲೋ ದೂರದ ಗಣಕದಲ್ಲಿ ಕ್ಷೇಮವಾಗಿರುತ್ತದೆ. ಹೊಸ ಯಂತ್ರ ಕೊಂಡರೆ ಅದು ಮರಳಿ ಬರುತ್ತದೆ. ಹೀಗಿರಲು ಓಲೆಗೆ ಸಂದ ಮರ್ಯಾದೆಯನ್ನು ಈ ಪ್ಲಾಸ್ಟಿಕ್ಕಿನ ಹಲಗೆಗೆ ಸಲ್ಲಿಸುವುದು ವಿವೇಕವೇ?

ಈ ವಾದ ಕೇಳಲು ಸೊಗಸಾಗಿದೆ. ಆದರೆ ಇದಕ್ಕೆ ಅವ್ಯಾಪ್ತಿ ದೋಷವಿದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಇದೇ ಮಹನೀಯರು ತಮ್ಮ ಮೊಮ್ಮಕ್ಕಳ ಪಠ್ಯಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆ ಹಾಕಿ, ಹೆಸರಿನ ಚೀಟಿ ಅಂಟಿಸಿ ಕೊಡುತ್ತಾರೆ. ಆ ಪುಸ್ತಕ ಲಕ್ಷಗಟ್ಟಲೆ ಅಚ್ಚಾದದ್ದು. ಒಂದು ಹರಿದರೆ ಗಣಿತಶಾಸ್ತ್ರವೇನೂ ಲೋಪವಾಗದು. ವರ್ಷ ಕಳೆದರೆ ಅದರ ಕೆಲಸವೂ ಮುಗಿಯಿತು. ಆದರೂ ಹೊದಿಕೆ ಹಾಕುತ್ತಾರೆ, ಹಾಕುವುದು ಸರಿಯೂ ಹೌದು. ಏಕೆಂದರೆ ಹೊದಿಕೆಯಿಂದ ಕಾಯಬೇಕಾದದ್ದು ಜಗತ್ತಿನಲ್ಲಿರುವ ಗ್ರಂಥವನ್ನಲ್ಲ, ಆ ಹುಡುಗನ ಆ ವರ್ಷದ ಓದನ್ನು. ಇ-ರೀಡರಿನ ವಿಷಯದಲ್ಲಿಯೂ ಮಾತು ಇಷ್ಟೇ. ಅದು ಒಡೆದರೆ ಗ್ರಂಥ ಹೋಗದು, ಓದು ಹೋಗುತ್ತದೆ.

ಯಾರ ಓದು ಎಂಬುದನ್ನು ವಿರೋಧಿಗಳು ವಿಚಾರಿಸಿದಂತೆ ತೋರುವುದಿಲ್ಲ. ನಮ್ಮ ಊರಿನ ಮನೆಗಳಲ್ಲಿ ಈ ಯಂತ್ರವನ್ನು ಹಿಡಿದು ಕುಳಿತವರಲ್ಲಿ ಅನೇಕರು ವೃದ್ಧರು. ಕಣ್ಣಿನ ಪೊರೆ ತೆಗೆಸಿದವರು, ಸಣ್ಣ ಅಕ್ಷರದ ಮುಂದೆ ಸೋತವರು, ದಪ್ಪ ಸಂಪುಟವನ್ನು ಎತ್ತಿ ಹಿಡಿಯಲು ಮಣಿಕಟ್ಟಿನಲ್ಲಿ ಬಲವಿಲ್ಲದವರು. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಸೌಕರ್ಯ ಅವರಿಗೆ ಈ ಯಂತ್ರದಲ್ಲಿದೆ. 2021ರಲ್ಲಿ ಬಂದ ಕಿಂಡಲ್ ಪೇಪರ್‌ವೈಟಿನ ತೂಕ ಸುಮಾರು 205 ಗ್ರಾಂ ಮಾತ್ರ. ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರು ಇಂತಹ ಯಂತ್ರವನ್ನು ಬರಿಯದಾಗಿ ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದರು. ಚೀಲದಲ್ಲಿ ಬೀಗದ ಕೈಗೊಂಚಲೂ ಇತ್ತು. ಇಳಿದು ನೋಡುವಾಗ ಅರ್ಧ ಪರದೆ ಜೀವ ಕಳೆದುಕೊಂಡು, ಹಿಂದಿನ ಪುಟದ ನಾಲ್ಕು ಸಾಲುಗಳು ಅದರಲ್ಲಿ ಹಾಗೆಯೇ ಅಂಟಿ ನಿಂತಿದ್ದವು. ಪರದೆ ಬದಲಿಸುವ ಖರ್ಚು ಹೊಸದರ ಬೆಲೆಯ ಹತ್ತಿರಕ್ಕೆ ಬರುತ್ತಿತ್ತು. ಮಗ ಊರಿಗೆ ಬರುವಾಗ ಇನ್ನೊಂದನ್ನು ತಂದುಕೊಡುವವರೆಗೆ, ಎಂಟು ತಿಂಗಳು, ಐವತ್ತು ವರ್ಷ ಬಿಡದೆ ಓದಿದ ಆ ಮನುಷ್ಯರು ಏನನ್ನೂ ಓದಲಿಲ್ಲ. ಅವರೊಡನೆ ಸಂಜೆ ಮಾತಿಗೆ ಕುಳಿತವರಿಗೆ ಆ ವ್ಯತ್ಯಾಸ ಗೊತ್ತು.

ಪರದೆ ಹೀಗೆ ಸುಲಭವಾಗಿ ಏಕೆ ಒಡೆಯುತ್ತದೆಂಬುದನ್ನು ಅರಿತರೆ ಗವಸಣಿಗೆಯ ಲಕ್ಷಣವೂ ತಾನಾಗಿ ತಿಳಿಯುತ್ತದೆ. ಪರದೆಯ ಒಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿವೆ. ಒಂದೊಂದರಲ್ಲಿಯೂ ಕಪ್ಪು ಬಿಳಿ ಕಣಗಳು ತೇಲುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ತಕ್ಕಂತೆ ಕರಿಯವೋ ಬಿಳಿಯವೋ ಮೇಲಕ್ಕೆ ಬಂದು ಅಕ್ಷರವಾಗಿ ನಿಲ್ಲುತ್ತವೆ. ಒಮ್ಮೆ ನಿಂತ ಮೇಲೆ ವಿದ್ಯುತ್ತು ಇಲ್ಲದಿದ್ದರೂ ಅಲ್ಲಿಯೇ ಇರುತ್ತವೆ. ಈ ಪದರದ ಕೆಳಗೆ ಆಧಾರವಾಗಿರುವುದು ಸಾಮಾನ್ಯವಾಗಿ ಬಹು ತೆಳುವಾದ ಗಾಜು. ಇಡೀ ಮೈಮೇಲೆ ಹರಡಿದ ಭಾರವನ್ನು ಅದು ತಡೆದೀತು. ಒಂದೇ ಬಿಂದುವಿನ ಮೇಲೆ ಬಿದ್ದ ಒತ್ತಡವನ್ನು ತಡೆಯಲಾರದು. ಆದ್ದರಿಂದ ಬರಿಯ ಮೆತ್ತನೆಯ ಚೀಲ ಸಾಲದು. ಪರದೆಯ ಕಡೆಗೆ ಗಟ್ಟಿಯಾದ ಹಲಗೆ ಬೇಕು, ಹಲಗೆಗೂ ಪರದೆಗೂ ನಡುವೆ ಮೆತ್ತನೆಯ ಬಟ್ಟೆ ಬೇಕು, ಸುತ್ತಲೂ ಹೊದಿಕೆ ಬೇಕು. ಓಲೆಗರಿಗೆ ನಮ್ಮ ಪೂರ್ವಿಕರು ಮಾಡಿದ ಏರ್ಪಾಡು ಇದಲ್ಲದೆ ಮತ್ತೇನು? ಯಂತ್ರ ಗ್ರಂಥವಲ್ಲವೆಂಬವರು ಗ್ರಂಥದ ಗವಸಣಿಗೆಯೇ ಯಂತ್ರಕ್ಕೂ ಹೊಂದುತ್ತದೆಂಬುದನ್ನು ಗಮನಿಸಲಿ.

(ಪ್ರಾಸಂಗಿಕವಾಗಿ ಒಂದು ಮಾತು. ಈ ಯಂತ್ರದ ಮೇಲೆ ಕನ್ನಡಿಗರಿಗೆ ನ್ಯಾಯವಾದ ಕೋಪವಿರಬೇಕಾದ ಸ್ಥಳ ಬೇರೆ ಇದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿಯವರು ಭಾರತದ ಐದು ಭಾಷೆಗಳ ಪುಸ್ತಕಗಳಿಗೆ ಕಿಂಡಲಿನ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳು ಒಳಗೆ ಹೋದವು. ಕನ್ನಡ ಹೊರಗೆ ನಿಂತಿತು. ಅದರ ಮೇಲೆ ಸಭೆಯಲ್ಲಿ ಯಾರಾದರೂ ಗುಡುಗಿದ್ದರೆ ನಾನು ಕೈ ಚಪ್ಪಾಳೆ ತಟ್ಟುತ್ತಿದ್ದೆ. ಬಟ್ಟೆಯ ಚೀಲದ ಮೇಲೆ ಗುಡುಗಿದರು.)

ಇನ್ನು ಎರಡನೆಯ ಪಂಗಡ. ಅಂಗಡಿಯ ಗವಸಣಿಗೆಯನ್ನು ನಾನು ಹಳಿಯುವುದಿಲ್ಲ. ಅಳತೆ ಕೂದಲೆಳೆಯಷ್ಟೂ ತಪ್ಪದು; ಮುಚ್ಚಿದೊಡನೆ ಯಂತ್ರ ನಿದ್ರಿಸುತ್ತದೆ, ತೆರೆದೊಡನೆ ಎಚ್ಚರಾಗುತ್ತದೆ. ಆದರೆ ಚರ್ಮವೆಂದು ತೋರುವ ಅವುಗಳಲ್ಲಿ ಹೆಚ್ಚಿನವುಗಳ ಮೇಲ್ಮೈ ಪಾಲಿಯುರೆಥೇನಿನ ಲೇಪ. ಸೆಕೆಗೂ ತೇವಕ್ಕೂ ಅದು ಕ್ರಮೇಣ ಜೀರ್ಣವಾಗಿ ಹೊಟ್ಟಿನಂತೆ ಉದುರುತ್ತದೆ. ನಮ್ಮಲ್ಲಿ ಎರಡಕ್ಕೂ ಬಡತನವಿಲ್ಲ. ಹರಿದ ಬಟ್ಟೆಗೆ ತೇಪೆಯುಂಟು, ಉದುರಿದ ಲೇಪಕ್ಕೆ ಏನುಂಟು? ಅದೂ ಅಲ್ಲದೆ 2018ರ ಪೇಪರ್‌ವೈಟಿನ ಪರದೆ 6 ಅಂಗುಲ, 2021ರದು 6.8 ಅಂಗುಲ, ಅದರದು ಇದಕ್ಕೆ ಆಗದು. ಯಂತ್ರ ಗಟ್ಟಿಯಾಗಿದ್ದು ಗವಸಣಿಗೆ ಹಾಳಾದರೆ, ಹಳೆಯ ಅಳತೆಯದು ಅಂಗಡಿಯಲ್ಲಿ ಹುಡುಕಿದರೂ ಸಿಕ್ಕದಿರುವ ದಿನ ಬರುತ್ತದೆ. ಕೊಂಡದ್ದೆಲ್ಲ ನಿರ್ದೋಷವೆಂಬ ಭ್ರಮೆಯೂ ಬೇಡ. 2010ರಲ್ಲಿ ಬಂದ ಕೀಲಿಮಣೆಯ ಕಿಂಡಲಿಗೆ ತಯಾರಕರೇ ಮಾರಿದ ಒಂದು ಬಗೆಯ ಗವಸಣಿಗೆಯಲ್ಲಿ ಲೋಹದ ಕೊಕ್ಕೆಗಳು ಯಂತ್ರದ ಮೈಯೊಳಗೆ ಸೇರುತ್ತಿದ್ದವು. ಯಂತ್ರ ತನ್ನಷ್ಟಕ್ಕೆ ಆರಿ ಹೊತ್ತಿಕೊಳ್ಳುತ್ತದೆಂದು ಬಹಳ ಜನ ದೂರಿದರು. ಕಂಪನಿಯವರು ಅವುಗಳನ್ನು ಹಿಂದಕ್ಕೆ ತೆಗೆದುಕೊಂಡು ಹಣ ಕೊಟ್ಟರು. ಬಟ್ಟೆಗೆ ಈ ಚೇಷ್ಟೆ ಗೊತ್ತಿಲ್ಲ.

ಹೊಲಿಯುವುದು ಕಷ್ಟವೆಂಬವರಿಗಾಗಿ ಕ್ರಮವನ್ನೂ ಹೇಳಿಬಿಡುತ್ತೇನೆ. ಮೇಲೆ ಹೇಳಿದ 2021ರ ಯಂತ್ರದ ಉದ್ದ ಸುಮಾರು 174 ಮಿಲಿಮೀಟರು, ಅಗಲ 125, ದಪ್ಪ 8. ಅಗಲಕ್ಕೆ ದಪ್ಪವನ್ನು ಸೇರಿಸಿ, ಒಳಪದರಗಳಿಗೆ ಒಂದು ಸೆಂಟಿಮೀಟರು, ಎರಡು ಕಡೆಯ ಹೊಲಿಗೆಗೆ ಎರಡು ಸೆಂಟಿಮೀಟರು ಬಿಟ್ಟರೆ ಹದಿನಾರೂವರೆ ಸೆಂಟಿಮೀಟರಿಗೆ ಸಮೀಪವಾಗುತ್ತದೆ. ಉದ್ದ ಇಪ್ಪತ್ತೊಂದು ಸಾಕು, ಮುಚ್ಚಳಕ್ಕೆ ಬೇರೆ. ಹೊರಗೆ ಗುಳೇದಗುಡ್ಡದ ಖಣ, ಇಲ್ಲವೆ ಖಾದಿ. ನಡುವೆ ಹಳೆಯ ಸೀರೆಯ ನಾಲ್ಕು ಮಡಿಕೆಗಳನ್ನು ಕೌದಿಯಂತೆ ಒತ್ತಾಗಿ ಹೊಲಿದು ಕೂರಿಸಬೇಕು. ಒಳಗೆ ತೊಳೆದು ತೊಳೆದು ಮೆದುವಾದ ಧೋತ್ರ. ಹೊಸ ಬಟ್ಟೆ ಕೂಡದು, ಅದರ ಗಂಜಿ ಪರದೆಯನ್ನು ಉಜ್ಜುತ್ತದೆ. ಪರದೆಯ ಕಡೆಗೆ ಎರಡು ಮಿಲಿಮೀಟರು ದಪ್ಪದ ರಟ್ಟನ್ನು ಕೌದಿಗೂ ಹೊರಬಟ್ಟೆಗೂ ನಡುವೆ ಸೇರಿಸುವುದನ್ನು ಮಾತ್ರ ಮರೆಯತಕ್ಕದ್ದಲ್ಲ. ನಿದ್ರೆಯ ಚಮತ್ಕಾರವೂ ಬೇಕೆಂಬವರು ಪುಸ್ತಕದಂತೆ ತೆರೆಯುವ ಗವಸಣಿಗೆ ಮಾಡಲಿ: ಎಚ್ಚರವಾಗಿರುವ ಯಂತ್ರದ ಅಂಚಿನ ಮೇಲೆ ಸಣ್ಣ ಅಯಸ್ಕಾಂತವೊಂದನ್ನು ಮೆಲ್ಲಗೆ ಸರಿಸುತ್ತ ಹೋದರೆ ಒಂದು ಸ್ಥಳದಲ್ಲಿ ಅದು ಮಲಗುತ್ತದೆ, ಮುಚ್ಚಳದಲ್ಲಿ ಆ ಸ್ಥಳಕ್ಕೆ ಎದುರಾಗಿ ಅಯಸ್ಕಾಂತವನ್ನು ಹೊಲಿದರಾಯಿತು. ಎಲ್ಲ ಯಂತ್ರಗಳಿಗೂ ಈ ಗುಣವಿಲ್ಲ, ಮೊದಲು ಪರೀಕ್ಷಿಸಿಕೊಳ್ಳಬೇಕು.

ಅಲಂಕಾರದ ವಿಷಯದಲ್ಲಿ ತರುಣರಿಗೆ ತುಸು ಎಚ್ಚರಿಕೆ ಬೇಕು. ಕನ್ನಡಿಯ ಚೂರು, ಕವಡೆ, ಲೋಹದ ಬಿಲ್ಲೆಗಳನ್ನು ಗವಸಣಿಗೆಯ ಮೇಲೆ ಜಡಿಯುವವರನ್ನು ಕಂಡಿದ್ದೇನೆ. ಲಂಬಾಣಿ ಹೆಂಗಸರ ಕುಪ್ಪಸದ ಮೇಲೆ ಅವು ಎಷ್ಟು ಶೋಭಿಸುತ್ತವೆಯೋ ಗಾಜಿನ ನೆರೆಯಲ್ಲಿ ಅಷ್ಟೇ ಅಪಾಯ. ಬಿಂದುವಿನ ಒತ್ತಡವೆಂದು ಮೇಲೆ ಹೇಳಿದ್ದು ಇದನ್ನೇ. ಚಿತ್ತಾರ ಬೇಕಾದವರಿಗೆ ಧಾರವಾಡದ ಕಡೆಯ ಕಸೂತಿಯಿದೆ. ಗವಂತಿ, ಮುರ್ಗಿಗಳಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಬಟ್ಟೆಯ ಮುಖವೂ ಬೆನ್ನೂ ಒಂದೇ ಬಗೆಯಾಗಿ ಕಾಣುತ್ತವೆ. ಗಂಟಿಲ್ಲದ್ದರಿಂದ ಒಳಗೆ ಒತ್ತುವ ಉಬ್ಬಿಲ್ಲ. ಗಾಜಿನ ಯಂತ್ರ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ಅದಕ್ಕೆ ತಕ್ಕ ಹೊಲಿಗೆಯನ್ನು ನಮ್ಮ ತಾಯಂದಿರು ಕಂಡುಹಿಡಿದಿದ್ದರು. ಅದನ್ನು ಹೊತ್ತುಗಳೆಯುವ ಕೆಲಸವೆಂದು ಕರೆದವರು ಒಮ್ಮೆ ಸೂಜಿ ಹಿಡಿದು, ಹೋದ ದಾರಿಯಲ್ಲಿಯೇ ಎಳೆಯೆಣಿಸಿ ಮರಳಿ ಬಂದು ತೋರಿಸಲಿ.

ಹೆಂಗಸರ ಕೆಲಸವೆಂಬ ಮಾತಿಗೆ ಬೇರೆ ಉತ್ತರ ಬೇಡವೆಂದಿದ್ದೆ. ಆದರೆ ಶಿಬಿರಕ್ಕೆ ಬಾಲಿಕೆಯರನ್ನು ಮಾತ್ರ ಕರೆದರೆ ತಮ್ಮ ವಿರೋಧವಿಲ್ಲವೆಂದು ಮೊನ್ನೆ ಒಬ್ಬರು ಸಂಧಾನಕ್ಕೆ ಬಂದರಂತೆ. ಈ ಸಂಧಾನವನ್ನು ಮಂಡಲಿಯವರು ಒಪ್ಪತಕ್ಕದ್ದಲ್ಲ. ಓಲೆಯ ಕಟ್ಟು ಕಟ್ಟಿದವರು, ಬಟ್ಟೆ ಸುತ್ತಿದವರು, ಸಡಿಲವಾದ ದಾರವನ್ನು ಬಿಗಿದವರು ಲಿಪಿಕಾರರೂ ಪಂಡಿತರೂ ಆದ ಗಂಡಸರೇ ಬಹುಮಂದಿ. ಅವರಾರಿಗೂ ಅದರಿಂದ ಪಾಂಡಿತ್ಯಕ್ಕೆ ಊನವಾದದ್ದನ್ನು ಕೇಳಿಲ್ಲ. ಬಾಲಕರೂ ಬರಲಿ. ರಟ್ಟನ್ನೂ ಮೂರು ಹಳೆಯ ಧೋತ್ರಗಳನ್ನೂ ನಾನು ಒದಗಿಸುತ್ತೇನೆ. ಖಣದ ತುಂಡು, ಸೂಜಿ, ತಮ್ಮ ಮನೆಯ ಯಂತ್ರದ ಅಳತೆ ಬರೆದ ಚೀಟಿ, ಇವಿಷ್ಟನ್ನು ಮಕ್ಕಳು ತಂದರೆ ಸಾಕು.